ಕಲ್ಲಿಗೆ ಕಟ್ಟಿದ ಪಾಚಿ

ಭುಜನೋವಿಗೆಂದು ಆಸ್ಪತ್ರೆಗೆ ಬಂದಿದ್ದ ಬಸ್ ಡ್ರೈವರನ ಎದುರು ಅಕ್ಕ-ತಂಗಿ ಕೂತಿದ್ದರು. ಅಕ್ಕ ಬಟ್ಟೆ ಹೊಲಿಯುವವಳು. ಲಕ್ವ ಹೊಡೆದ ಮೇಲೆ ಬಲಗೈ ನಡುಗುತ್ತಿತ್ತು. ಆ ಕೈಯಲ್ಲೇ ಅವಳು ಕಲ್ಲೊಂದಕ್ಕೆ ಹಸಿ ಪಾಚಿ ಒತ್ತಿ ದಾರ ಸುತ್ತುತ್ತಿದ್ದಳು.

“ಕೊಡಕ್ಕ, ನಾನು ಕಟ್ತೀನಿ.”

“ಮುಟ್ಟಬೇಡ.”

“ಮನೇಲಿರೋ ಮೀನಿನ ತೊಟ್ಟಿಗೆ ಪ್ಲಾಸ್ಟಿಕ್ ಗಿಡ ಸಾಲದಾ?”

“ಪ್ಲಾಸ್ಟಿಕ್ ಬೆಳೆಯುತ್ತೇನೇ? ಇದು ಕಲ್ಲು ಕಚ್ಕೊಂಡು ಬೆಳೆಯುತ್ತೆ, ಮೀನು ಮರಿ ಅದರೊಳಗೆ ಅಡಗಿಕೊಳ್ಳುತ್ತೆ.”

“ಸೂಜಿ ಹಿಡಿಯೋ ಆಸೆ ಬಿಡಿ ಅಂತ ಡಾಕ್ಟ್ರು ಹೇಳಿಲ್ವಾ?”

“ಸೂಜಿ ಅಂದ್ರು. ದಾರ ಅಂದಿಲ್ಲ.”

ಮೂರು ಸಲ ದಾರ ಜಾರಿತು. ನಾಲ್ಕನೇ ಸಲ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಗಂಟು ಬಿಗಿದಳು. ಅಷ್ಟರಲ್ಲಿ ನರ್ಸ್ ಕರೆದಳು.

“ಅದನ್ನ ಇಲ್ಲಿಟ್ಟು ಬಾರೆ, ಅಕ್ಕ.”

“ಯಾಕೆ? ಡಾಕ್ಟ್ರ ಮೇಜಿನ ಮೇಲೇ ಇಡ್ತೀನಿ. ಬಿಚ್ಚೋಕಾದ್ರೆ ಬಿಚ್ಲಿ!”

ಡ್ರೈವರ್ ಕಾಲು ಮಡಚಿ ದಾರಿ ಬಿಟ್ಟ. ಕಲ್ಲನ್ನು ಎದೆಗವಚಿಕೊಂಡು ಅವಳು ಮುಂದೆ ನಡೆದಳು, ತಂಗಿ ಹಿಂದೆ.