ಲಕ್ಕಪ್ಪ ಕೈಬಿಟ್ಟ ಕತಿ

…ಬ್ಯಾಡ ಕಾಶೆವ್ವಾ, ನೀರ ಬ್ಯಾಡ. ಲಕ್ಕಪ್ಪ ಹೊಳ್ಯಾಗ ಹೋಗಿ ಹನ್ನೊಂದ ದಿನ ಆತು, ನೀರ ಕಂಡ್ರ ಮಾರಿ ತಿರುವತೇನಿ. ಸುಮ್ನ ಈ ಕಟ್ಟಿ ಮ್ಯಾಲ ತುಸು ಕುಂಡ್ರತೇನಿ. ನೀ ನಿನ್ನ ಜ್ವಾಳ ಹಸನ ಮಾಡಕೋತ ಇರು. ನನ್ನ ಕಡೆ ನೋಡದಿದ್ರೂ ನಡೀತೈತಿ.

ಗೌಡ್ರು ಕಳಿಸ್ಯಾರ. ನಾಳಿ ಮುಂಜಾನೆ ಚಾವಡಿಗೆ ಗೋಕಾವಿಯಿಂದ ಮಾಮಲೇದಾರ ಸಾಹೇಬ್ರು ಬರತಾರಂತ. ಹೊಳ್ಯಾಗಿಂದ ಮಂದಿನ್ನ ತಗದವರಿಗೆ ಮರ್ಯಾದಿ ಮಾಡಿ ತಲಿಗೆ ಪಟಕಾ ಸುತ್ತತಾರಂತ. ನಿನ್ನ ಗಂಡನ ಹೆಸರ ಮೊದಲ ಹೇಳಿ, ಅವನ ಪಟಕಾ ನಿನ್ನ ಕೈಯಾಗ ಕೊಡತಾರಂತ. ‘ಉದ್ದಪ್ಪಾ, ನೀ ಕಣ್ಣಾರೆ ಕಂಡಾವ, ಲಕ್ಕಪ್ಪ ಹೆಂಗ ಜೀವಾ ಕೊಟ್ಟ ಅಂತ ನೀನ ನಿಂತ ಹೇಳಬೇಕು’ ಅಂದಾರ ಗೌಡ್ರು. ಬರ್ತಿ ಹೌದಲ್ಲೊ?

ಮರಾ ಎತ್ತಿ ಜ್ವಾಳ ಕೇರಾಕತ್ತಿ.

ಸಾಕಾಗೇತಿ ನನಗ. ಹದಿನೆಂಟ ಮಳಿಗಾಲ… ಐದ ಮಂದಿ ನಾವು. ಪಗಾರ ಕೊಟ್ಟವರಿಲ್ಲ, ಹೋಗ್ರಿ ಅಂದವರಿಲ್ಲ. ಘಟಪ್ರಭಾ ಕೆಂಪಗಾತಂದ್ರ ಹೊಲದ ಕೆಲಸ ಬಿಟ್ಟು ದಂಡಿಗೆ ಕುಂಡ್ರೂದು. ತೇಲಾಕಂತ ನಡಕ್ಕ ಒಣಾ ಸೋರಿಬುರುಡಿ ಕಟಕೊಂಡು, ಹರಗೋಲ ಆ ದಂಡಿ ಮುಟ್ಟೂತನಕ ಕಣ್ಣ ಕೀಳದ ಕಾಯೂದು. ಲಕ್ಕಪ್ಪನ್ನ ನಾನ ಕರಕೊಂಡ ಹೋದಾವ. ಆಗ ನೀ ಹೊಸದಾಗಿ ಗಂಡನ ಮನಿಗೆ ನಡಿಯಾಕ ಬಂದಿದ್ದಿ. ‘ಹೊಳಿ ಏನ ನಿಮ್ಮಪ್ಪನ ಹೊಲಾ ಏನು, ಕಾಯಾಕ’ ಅಂತ ನನಗ ಅಂದಿದ್ದಿ. ನೆನಪೈತೇನು? ನಕ್ಕಿ… ಇಲ್ಲ, ನಕ್ಕಿಲ್ಲ. ನನಗ ಹಂಗ ಕಂಡಿತು.

ಅವತ್ತ ಸಂತಿ ಮುಗಿಸಿ ಬರೂ ಮಂದಿ, ಒಂಬತ್ತ ಜನಾ ಇದ್ರು. ನಡುಹೊಳ್ಯಾಗ ಬೇರ ಸಮೇತ ಒಂದ ಮರ ತೇಲಿ ಬಂದು ಬಡೀತು. ಹರಗೋಲ ಬೋರಲ ಬಿತ್ತು. ಐದೂ ಮಂದಿ ಜಿಗದ್ವಿ. ಎಂಟ ಮಂದಿನ್ನ ತಂದ್ವಿ. ಉಳದದ್ದ ಕುಲಗೋಡದ ಮಾಯವ್ವನ ಮಗಳು, ಪದ್ಮವ್ವ, ನಾಕ ವರ್ಷದ ಕೂಸು. ಅದರ ಹಿಂದ ಲಕ್ಕಪ್ಪ ಹ್ವಾದ, ನಾ ಹ್ವಾದೆ. ಕೂಸು ನನ್ನ ಕೈಗೆ ಸಿಕ್ತು. ಅಷ್ಟರಾಗ ಲಕ್ಕಪ್ಪನ ಬುರುಡಿ ಕಲ್ಲಿಗೆ ಬಡದ ಒಡೀತು. ಅವ ನನ್ನ ಬುರುಡಿ ಹಗ್ಗಾ ಹಿಡದ. ಒಂದ ಬುರುಡಿಗೆ ಮೂರ ಜೀವ. ಮುಳಗಾಕತ್ತಿದ್ವಿ. ಆಗ ಅವ, ‘ಉದ್ದಣ್ಣಾ, ಕೂಸಿನ್ನ ದಂಡಿಗೆ ಮುಟ್ಟಸು’ ಅಂದು… ತಾನ ಕೈ ಬಿಟ್ಟ.

ಇದನ್ನ ಊರಿಗೆಲ್ಲಾ ಹೇಳೇನಿ. ನಾಳಿ ಹೇಳೂದೂ ಇದನ್ನ.

ಯಾಕ, ಕೈ ಯಾಕ ನಿಲ್ಲಿಸಿದಿ?

ಗೌಡ್ರು ನನ್ನ ಕಡಿಂದ ಎರಡೆರಡ ಸಲ ಹೇಳಿಸಿದ್ರು. ಮಾಯವ್ವ ನನ್ನ ಕಾಲ ಹಿಡಕೊಂಡ ಕೇಳಿದ್ಲು. ಅರಿವಿ ಒಗಿಯಾಕ ಬಂದ ಹೆಣಮಕ್ಕಳು ಕೇಳಿದ್ರು, ಕೈ ಬಿಡುಮುಂದ ಮಾರಿ ಹೆಂಗಿತ್ತು, ಹೆಂಡ್ತಿ ಹೆಸರ ತಗದನೇನು ಅಂತ. ಇಡೀ ಊರಾಗ ಕೇಳದಾಕಿ ನೀ ಒಬ್ಬಾಕಿ. ಹೆಣಾ ಸಿಕ್ಕ ದಿನಾನೂ ಕೇಳಲಿಲ್ಲ. ಇವತ್ತೂ ಕೇಳವಲ್ಲಿ. ಕೇಳ ತಂಗಿ. ಒಂದ ಸಲ ಕೇಳಿಬಿಡು. ಹೇಳಿ ಎದ್ದ ಹೋಗತೇನಿ.

ಹಂಗ ನೋಡಬ್ಯಾಡ.

ನಿನಗ ಗೊತ್ತೈತಿ. ಮೊದಲ ದಿನಾನ ಗೊತ್ತಾಗೇತಿ ನಿನಗ. ಹದಿನೆಂಟ ವರ್ಷ ಅವನ ಜೋಡಿ ಬಾಳೇವು ಮಾಡಿದಾಕಿ. ಕಬ್ಬ ತಿಂದ್ರ ಸಿಪ್ಪಿ ಸೈತ ಚೀಪಿ ಒಗ್ಯಾವ ಅವ. ಜೀವದ ಮ್ಯಾಲ ಅಷ್ಟ ಆಸೆ ಇದ್ದಾವ ತಾನಾಗಿ ಹಗ್ಗಾ ಬಿಟ್ಟ ಅಂದ್ರ ನೀ ಹೆಂಗ ನಂಬ್ತಿ.

ಬಿಡಲಿಲ್ಲ ತಂಗಿ. ಅವ ಬಿಡಲಿಲ್ಲ. ‘ಬಿಡಬ್ಯಾಡ ಉದ್ದಣ್ಣಾ, ಬಿಡಬ್ಯಾಡ’ ಅಂದ. ಎರಡ ಸಲ ಅಂದ. ನಾನ ಅವನ ಕೈ ಬಿಡಿಸಿದೆ. ಕಿರಿಬೆರಳಿಂದ ಸುರು ಮಾಡಿ, ಒಂದೊಂದ ಬೆರಳ… ಭಾಳ ಗಟ್ಟಿ ಹಿಡದಿದ್ದ.

ನಾಳಿ ಚಾವಡ್ಯಾಗ ಇದನ್ನ ಹೇಳತೇನಿ. ನನಗ ಪಟಕಾ ಬ್ಯಾಡ. ಅವಂದ ಅವಗ ಸಲ್ಲಬೇಕು. ಕೂಸಿನ ಹಿಂದ ನನಗಿಂತ ಮೊದಲ ಹ್ವಾದಾವ ಅವ. ಅದು ಖರೆ. ಅದರಾಗ ಒಂದ ಮಾತೂ ಸುಳ್ಳಿಲ್ಲ. ಕೂಸಿನ ಸಲುವಾಗಿ ನಾ ಹಂಗ ಮಾಡಿದ್ದು, ಕಾಶೆವ್ವಾ. ನನ್ನ ಕೊರಳಿಗೆ ಜೋತ ಬಿದ್ದಿತ್ತು ಅದು. ಕೂಸಿನ ಸಲುವಾಗಿ…

ಇನ್ನೂ ನೋಡಾಕತ್ತಿ.

ಎಲ್ಲಾ ಹೇಳಿದ್ನಲ್ಲ. ಇನ್ನೇನ ಉಳದೈತಿ.

…ಕೂಸು ಇರದಿದ್ರ ಅಂತ ಕೇಳಾಕತ್ತಿ. ಹೌದಲ್ಲೊ? ನಾವಿಬ್ರ ಇದ್ದಿದ್ರ ಅಂತ.

ಅವನ ಬೆರಳ ಬಿಡಿಸ್ತಿದ್ದೆ ತಂಗಿ. ಆಗೂ ಬಿಡಿಸ್ತಿದ್ದೆ.