ಎರಡನೇ ಕ್ಯಾಮೆರಾ

ಇಲ್ಲ ಅಕ್ಕ, ನನ್ನ ಪ್ರೋಗ್ರಾಂ ಇನ್ನೂ ಇನ್‌ಸ್ಟಾಲ್ ಆಗಿಲ್ಲ! ಎಷ್ಟು ಸಲ ಹೇಳ್ಲಿ? ಬೆಳಿಗ್ಗೆಯಿಂದ ಹನ್ನೊಂದು ಸಲ ಹಾಕ್ದೆ. ಹನ್ನೊಂದು ಸಲಾನೂ ಅದೇ ಮಾತು, 'ಈ ಪ್ಯಾಕೇಜ್ ಸರಿಯಿಲ್ಲ.' ಏನು ಸರಿಯಿಲ್ಲ? ಹೇಳಲ್ಲ. ಎಲ್ಲಿ ತಪ್ಪಿದೆ? ಹೇಳಲ್ಲ! ಬರೀ ಮುಖ ಊದಿಸ್ಕೊಂಡು ಕೂತಿರತ್ತೆ, ಮುನಿಸ್ಕೊಂಡ ಅತ್ತೆ ಹಂಗೆ…

ಯಾಕೆ ನಗ್ತೀರಾ? ನಿಮ್ಮತ್ತೆ ವಿಷಯ ಅಲ್ಲ ಕಣಕ್ಕ ನಾನು ಹೇಳಿದ್ದು!

ಕೂತ್ಕೊಳ್ಳಿ. ಚಾಮುಂಡೇಶ್ವರಿ ಮೇಡಂ, ನೀವೇ ಕೇಳಿದ್ಮೇಲೆ ಹೇಳ್ದೆ ಇರಕ್ಕಾಗತ್ತಾ? ನಮ್ಮ ಸ್ಟುಡಿಯೋ ಫೋಟೋ ಎಲ್ಲಾ ಇರೋದು ಈ ಸ್ಟೋರೇಜ್ ಬಾಕ್ಸ್‌ನಲ್ಲಿ. ನಾಲ್ಕು ಕಂಪ್ಯೂಟರ್‌ಗೂ ಇದೊಂದೇ ಬೀರು. ಬೀರು ತುಂಬೋಯ್ತು. ದೇವರಾಜು ಸರ್ ಏನಂದ್ರು? 'ಅಭಿಲಾಷ್, ನೀನು ಬಿಎಸ್ಸಿ. ಒಂದೇ ದೃಶ್ಯ ಎರಡೆರಡು ಸಲ ಇದ್ರೆ ಒಂದನ್ನ ತಾನೇ ಅಳಿಸೋ ಹಂಗೆ ಏನಾದ್ರೂ ಮಾಡು.' ಬಿಎಸ್ಸಿಲಿ ನಾನು ಮಾಡಿದ್ದು ಲೋಲಕ ತೂಗಾಡ್ಸಿ ಟೈಮ್ ಬರ್ಕೊಂಡಿದ್ದು!

ಆದ್ರೂ ಆ ಪ್ರೋಗ್ರಾಂ ಬರೆದೆ. ಹದಿನೈದು ದಿನ. ಬರೆಯೋದು ಕಷ್ಟ ಅಲ್ಲ ಅಕ್ಕ, ಈ ಬಾಕ್ಸ್ ಒಪ್ಪೋ ಹಂಗೆ ಪ್ಯಾಕೇಜ್ ಕಟ್ಟೋದು ಕಷ್ಟ. ಜೊತೆಗೊಂದು ಮಾಹಿತಿ ಫೈಲ್ ಇರ್ಬೇಕು. ಹೆಸರು, ವರ್ಷನ್, ಯಾವ ಮಾಡೆಲ್‌ಗೆ… ಒಂದು ಸಾಲು ತಪ್ಪಿದ್ರೂ ಬಾಗ್ಲಿಂದಲೇ ವಾಪಸ್. ಎಲ್ಲಾ ಸರಿ ಮಾಡ್ಕೊಂಡೆ. ಹೋದ ವಾರ ಬಾಕ್ಸ್ ಅಪ್‌ಡೇಟ್ ಆಯ್ತು, ರೂಲ್ಸೇ ಬೇರೆ! ನನ್ನ ಕರ್ಮ.

ಹೌದೌದು, ಮೂರು ಗಂಟೆಗೆ ಇಲವಾಲದ ಮದುವೆ ಮನೆಯವರು ಬರ್ತಾರೆ, ಆಲ್ಬಮ್‌ಗೆ ಫೋಟೋ ಆರಿಸೋಕೆ. ಸರ್ ಜೊತೆ ನೀವು ಎರಡನೇ ಕ್ಯಾಮೆರಾ ಹಿಡಿದ ಮೊದಲನೇ ಮದುವೆ. ಅವರಿಗೆ ಇಷ್ಟ ಆದ್ರೆ ಮುಂದಿನ ಮದುವೆ ಪೂರ್ತಿ ನಿಮಗೇ ಅಂತ ಸರ್ ಹೇಳಿದಾರೆ. ಎಲ್ಲಾ ಗೊತ್ತು. ಹೆಣ್ಣಿನ ಅಜ್ಜಿ ಸಾಕಮ್ಮಜ್ಜಿ ಮೊಮ್ಮಗಳಿಗೆ ಮೊಗ್ಗಿನ ಜಡೆ ಹಾಕ್ತಿರೋ ಫೋಟೋ ನೋಡಿ, 'ಇದು ಗೋಡೆ ಮೇಲಿರ್ಬೇಕು' ಅಂದಿದ್ದು ನಾನೇ ತಾನೆ?

ಕ್ಯಾಮೆರಾ ಕಾರ್ಡಾ? ಕಾರ್ಡ್‌ನಲ್ಲಿ ಈಗ ಎಲ್ಲಿರತ್ತೆ! 'ಬಾಕ್ಸ್‌ಗೆ ಹೋಗಿದೆ, ಖಾಲಿ ಮಾಡ್ಕೊಳ್ಳಿ' ಅಂತ ನಾನೇ ಹೇಳಿದ್ನಲ್ಲ. … ಯಾಕೆ ಕೇಳಿದ್ರಿ?

ಒಂದ್ನಿಮಿಷ… ಆ ಮದುವೆ ಫೋಲ್ಡರ್ ಈಗ ತೆಗೀಬೇಡಿ. ಬಾಕ್ಸ್ ನಿಧಾನ ಇದೆ. ಕಾಫಿ ಕುಡ್ಕೊಂಡು ಬನ್ನಿ, ಅಷ್ಟರಲ್ಲಿ… ಹೇಳಿದ್ನಲ್ಲ, ಇನ್‌ಸ್ಟಾಲೇ ಆಗಿಲ್ಲ ಅಂತ! ಅಕ್ಕ. ಮೌಸ್ ಬಿಡಿ. ಅಕ್ಕ!

…

ನಿಮ್ಮ ಫೋಟೋ ಎಷ್ಟು ಉಳಿದಿವೆ?

ಬೈಯಿರಿ ಅಕ್ಕ. ನಗಿ, ಬೇಕಾದ್ರೆ.

…ಸರಿ. ಹನ್ನೆರಡನೇ ಸಲಕ್ಕೆ ಇನ್‌ಸ್ಟಾಲ್ ಆಯ್ತು. ಹತ್ತು ಗಂಟೆಗೇ. ಮೊದಲು ಬೇರೆ ಫೋಲ್ಡರ್‌ನಲ್ಲಿ ಓಡಿಸಿ ನೋಡ್ಬೇಕಿತ್ತು. ಸಿಟ್ಟಲ್ಲಿದ್ದೆ. ನೇರ ಮದುವೆ ಫೋಲ್ಡರ್ ಮೇಲೇ ಓಡಿಸ್ಬುಟ್ಟೆ.

ಫೋಟೋಗೆ ಫೋಟೋ ಹೋಲಿಸೋ ಶಕ್ತಿ ಈ ಬಾಕ್ಸ್‌ಗಿಲ್ಲ ಅಕ್ಕ. ಅದಕ್ಕೆ ಟೈಮ್ ಹೋಲಿಸು ಅಂತ ಬರೆದೆ. ಸರ್ ತೆಗೆದಿದ್ದು, ನೀವು ತೆಗೆದಿದ್ದು ಎರಡು ಸೆಕೆಂಡಿನೊಳಗೆ ಇದ್ರೆ ಒಂದೇ ದೃಶ್ಯ. ಮದುವೆಗೆ ಹೊರಡೋ ಮುಂಚೆ ಎರಡೂ ಕ್ಯಾಮೆರಾ ಗಡಿಯಾರ ಒಂದೇ ಮಾಡ್ಕೋತೀವಲ್ಲ… ಗಂಡನ್ನ ಮಂಟಪಕ್ಕೆ ಕರ್ಕೊಂಡು ಬರೋದನ್ನ ಸರ್ ತೆಗೀತಿದ್ರು. ಅದೇ ಹೊತ್ತಿಗೆ ನೀವು ಒಳಗಡೆ ರೂಮಲ್ಲಿ, ಜಡೆ… ಬಾಕ್ಸ್ ಲೆಕ್ಕಕ್ಕೆ ಎರಡೂ ಒಂದೇ.

ಬಾಕ್ಸಿನ ಕಸದ ಬುಟ್ಟಿಲೂ ಇಲ್ಲ. ನೋಡ್ದೆ. ಪ್ಯಾಕೇಜ್ ಅಳಿಸಿದ್ದು ಅಲ್ಲಿಗೆ ಹೋಗಲ್ಲ. ನಿಮ್ದು ಉಳಿದಿರೋದು ಸರ್ ಕ್ಯಾಮೆರಾ ಸುಮ್ಮನಿದ್ದಾಗ ತೆಗೆದಿದ್ದು ಮಾತ್ರ.

ಮೂರು ಗಂಟೆಗೆ ಇಲವಾಲದವರಿಗೆ ನಾನೇ ಹೇಳ್ತೀನಿ. ಬಾಕ್ಸ್ ಹೀಗೆ ಮಾಡ್ತು ಅಂತ…

ಹಂಗೆ ನೋಡ್ಬೇಡಿ ಅಕ್ಕ.

ಬಾಕ್ಸ್ ಅಲ್ಲ. ಎರಡರಲ್ಲಿ ಯಾವುದು ಹೋಗ್ಬೇಕು ಅಂತ ಅದಕ್ಕೆ ಗೊತ್ತಿರಲಿಲ್ಲ. ನಾನು ಹೇಳ್ಬೇಕಿತ್ತು. ಹೇಳ್ದೆ. 'ಎರಡನೇ ಕ್ಯಾಮೆರಾದ್ದು ಅಳಿಸು.' ಉಳಿದ ಒಂದೊಂದು ಸಾಲಿಗೂ ದಿನಗಟ್ಲೆ ತಲೆ ಕೆಡಿಸ್ಕೊಂಡಿದ್ದೆ ಅಕ್ಕ…

ಆ ಸಾಲಿಗೆ ಮಾತ್ರ ಒಂದು ನಿಮಿಷಾನೂ ಯೋಚನೆ ಮಾಡ್ಲಿಲ್ಲ.