ಲೊವೀನಾಳ ಪಕ್ಕದಾಕೆ

ನಗೋರು ಈಗಲೇ ಎದ್ದು ಹೋಗಿ ಮಲಗಿ. ಇದು ಕಟ್ಟುಕತೆ ಅಲ್ಲ, ನಮ್ಮ ದೊಡ್ಡಪ್ಪನ ಮಗ ಆನ್ಸೆಲಣ್ಣನಿಗೆ ಆದದ್ದು. ಅಯೋವಾದ ನಮ್ಮ ಮೆಥಡಿಸ್ಟ್ ಸ್ಮಶಾನದಲ್ಲಿ ಮೊದಲು ಮಣ್ಣಾದವನು ಗಿರಣಿ ಮುದುಕ ಅಂತಾರಲ್ಲ... ಸುಳ್ಳು!

ಜನವರಿ ಚಳಿ. ಆನ್ಸೆಲಣ್ಣನ ಎರಡು ತಿಂಗಳ ಕೂಸು ಲೊವೀನಾ ತೀರಿಕೊಂಡಿತ್ತು. ಕುದುರೆ ಮೇಲೆ ಊರೂರು ಸುತ್ತೋ ಪಾದ್ರಿ ಬೆಳಗಾದರೆ ಹೊರಟುಬಿಡ್ತಾರೆ, ಮತ್ತೆ ಬರೋದು ವಸಂತಕ್ಕೆ. ಬೆಳಗಾಗೋದರೊಳಗೆ ಗುಂಡಿ ಆಗಬೇಕು. ನೆಲವೋ ಹೆಪ್ಪುಗಟ್ಟಿ ಕಲ್ಲಾಗಿದೆ. ನಮ್ಮಲ್ಲಿ ಅದರ ಮೇಲೆ ದಿಮ್ಮಿ ಉರಿಸಿ, ಮಣ್ಣು ಮೆತ್ತಗಾದ ಮೇಲೆ ಅಗೀತೀವಿ. ಅಣ್ಣ ಕೊನೇ ಹೊರೆ ಸೌದೆ ಹೊತ್ತು ಒಬ್ಬನೇ ಚರ್ಚ್ ಬಾವಿ ದಾಟಿ ಬಂದ. ಬಾವಿ ಹಗ್ಗ ಕಿರ್ರ್... ಕಿರ್ರ್... ಗಾಳಿ ಇರಲಿಲ್ಲ.

ಸೌದೆ ಎಲ್ಲ ಉರಿದುಹೋಯ್ತು. ಗುದ್ದಲಿ ಹಾಕಿದರೆ ಠಣ್! ಮತ್ತೆ ಠಣ್! ಅಣ್ಣ ಗುದ್ದಲಿ ಎಸೆದು, "ದೇವರೇ, ಇಷ್ಟೂ ಮಾಡೋಕೆ ಬಿಡಲ್ವಾ?" ಅಂತ ಗೊಳೋ ಅಂತ ಅತ್ತ.

"ಯಾರಿಗಪ್ಪಾ ಇದು?"

ಕೆಂಡದಾಚೆ ಒಬ್ಬ ಹೆಂಗಸು. ನೆಲವೆಲ್ಲ ಹಿಮ, ಅವಳ ಲಂಗದ ತುಂಬ ಹಸಿ ಮಣ್ಣು.

"ಮಗಳಿಗೆ," ಅಂದ ಅಣ್ಣ. "ಅವರಮ್ಮ ಕೊಡ್ತಾನೇ ಇಲ್ಲ. ಕತ್ತಲಲ್ಲಿ ಒಂಟಿಯಾಗಿ ಮಲಗಿಸಲ್ಲ ಅಂತ ಎದೆಗವಚಿಕೊಂಡು ಕೂತಿದಾಳೆ."

"ಒಂಟಿ ಯಾಕೆ? ನಾನಿದೀನಲ್ಲ," ಪಿಸುಗುಟ್ಟಿದಳು. "ನಮ್ಮೋರು ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ವಲಸೆ ಹೋಗುವಾಗ, ಈ ಚರ್ಚು ಏಳೋ ಮೊದಲೇ, ನನ್ನನ್ನ ಇಲ್ಲೇ ಹೂತರು. ತೋಳ ಅಗೀಬಾರದು ಅಂತ ಮೇಲೆ ಗಾಡಿಗಳನ್ನ ಹಾಯಿಸಿ ಗುರುತು ಅಳಿಸಿದರು. ನನ್ನ ಕೂಸನ್ನ ಕರಕೊಂಡು ಹೋದರು... ಅಗಿ, ಈ ಕಡೆ."

ಆಮೇಲೆ ಅಲ್ಲಿ ಯಾರೂ ಇಲ್ಲ. ಅಣ್ಣ ಗುದ್ದಲಿ ಎತ್ತಿ ಅವಳು ಹೇಳಿದ ಕಡೆ ಹಾಕಿದ. ಕಸಕ್! ಮಣ್ಣು ಬೆಣ್ಣೆ.

ಬೆಳಿಗ್ಗೆ ಪಾದ್ರಿ ಪ್ರಾರ್ಥನೆ ಮುಗಿಸಿದರು. ಅತ್ತಿಗೆ ತಿರ್ಜಾ ಕೌದಿ ಸುತ್ತಿದ ಕೂಸನ್ನ ಯಾರಿಗೂ ಕೊಡಲೊಲ್ಲಳು.

"ಕೊಡೇ, ನಿನ್ನ ಕಾಲಿಗೆ ಬೀಳ್ತೀನಿ," ಅಂದ ಅಣ್ಣ.

"ಮುಟ್ಟಿದರೆ ನೋಡಿ!"

ಅಷ್ಟು ಕೂಗಿದವಳು ಗುಂಡಿಯೊಳಗೆ ಬಗ್ಗಿ ನೋಡಿದಳು. ತುಂಬಾ ಹೊತ್ತು ನೋಡಿದಳು. ಮೊಣಕಾಲೂರಿ, ತಾನೇ ಕೂಸನ್ನ ಕೆಳಗೆ ಚಾಚಿದಳು.

"ಕತ್ತಿನ ಕೆಳಗೆ ಕೈ ಕೊಡಿ ಅಕ್ಕಾ," ಅಂದಳು. "ಇನ್ನೂ ಕತ್ತು ನಿಂತಿಲ್ಲ."

ಅಣ್ಣ ರಾತ್ರಿ ಕಂಡದ್ದನ್ನ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ನಾನು ಗುಂಡಿ ಅಂಚಿನಲ್ಲೇ ನಿಂತಿದ್ದೆ, ಒಳಗೆ ಯಾರೂ ಇರಲಿಲ್ಲ, ನನ್ನ ಕಣ್ಣಾಣೆ. ಅತ್ತಿಗೆ ಕೈ ಬಿಟ್ಟಾಗ ಧಪ್ ಅನ್ನೋ ಸದ್ದು ಬರಲೇ ಇಲ್ಲ... ಕೌದಿ ಮೆಲ್ಲಗೆ ಇಳೀತು.